ತೂ ಎಂದರೆ ಏನು?

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ತುಳು ಬಿಟ್ಟರೆ ಬೇರೆ ಮಾತು ಇರಲಿಲ್ಲ. ಕನ್ನಡ ಇದ್ದದ್ದು ಶಾಲೆಯಲ್ಲಿ. ಮೂಡುಬಿದಿರೆಯಿಂದ ಗುಡ್ಡ ದಾಟಿದರೆ ನಮ್ಮ ಶಾಲೆ: ಒಂದೇ ಕೋಣೆ, ಮುಳಿಹುಲ್ಲು ಹೊದಿಸಿದ ಮಾಡು, ಒಬ್ಬರೇ ಮಾಸ್ತರರು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ ಘಟ್ಟದ ಮೇಲಿನಿಂದ ಬಂದ ಅವರಿಗೆ ತುಳು ಬರುತ್ತಿರಲಿಲ್ಲ. ಶಾಲೆಯೊಳಗೆ ತುಳು ಆಡಿದರೆ ಬೆತ್ತ. ಏನು ಹೇಳುವುದಿದ್ದರೂ ಎದ್ದು, ಕೈಕಟ್ಟಿ, ಅಪ್ಪಣೆ ಕೇಳಿ, ಶುದ್ಧ ಕನ್ನಡದಲ್ಲಿ ಹೇಳಬೇಕು. ಒಂದನೇ ತರಗತಿಯ ನಾವು ಬಾಯಿ ಹೊಲಿದುಕೊಂಡೇ ಕೂರುತ್ತಿದ್ದೆವು. ನಾಲ್ಕನೇ ತರಗತಿಯಲ್ಲಿದ್ದ ನನ್ನ ಅಕ್ಕನಿಗೆ ತಕ್ಕಮಟ್ಟಿಗೆ ಕನ್ನಡ ಬರುತ್ತಿತ್ತು.

ಅಂದು ಬೇಸಗೆಯ ಮಧ್ಯಾಹ್ನ. ಗುಡ್ಡದಲ್ಲಿ ಯಾರೋ ಒಣಹುಲ್ಲು ಸುಡುತ್ತಿದ್ದರು. ಬೆಳಗಿನಿಂದ ಆ ಹೊಗೆಯ ವಾಸನೆ ಮೂಗಿಗೆ ಅಭ್ಯಾಸವಾಗಿತ್ತು. ಗಾಳಿ ಮಾತ್ರ ಸರಿಯಿರಲಿಲ್ಲ. ಒಮ್ಮೆ ಬೀಸುವುದು, ಒಮ್ಮೆ ನಿಲ್ಲುವುದು. ಕಾಗೆಗಳೂ ಕೂಗುತ್ತಿರಲಿಲ್ಲ. ಮಾಸ್ತರರು ಹಲಗೆಯ ಮೇಲೆ ‘ಉ’ ಬರೆದು ನಮ್ಮ ಕಡೆ ತಿರುಗಿದರು. ಅವರ ತಲೆಯ ಮೇಲಿನ ಹುಲ್ಲಿನಲ್ಲಿ ಕೆಂಪಗೆ ಏನೋ ಇಣುಕಿತು, ಅಡಗಿತು, ಮತ್ತೆ ಇಣುಕಿತು.

ತುಳುವಿನಲ್ಲಿ ಬೆಂಕಿಗೆ ‘ತೂ’ ಎನ್ನುತ್ತೇವೆ. ಕನ್ನಡದ ಪದ ನನಗಿನ್ನೂ ಗೊತ್ತಿರಲಿಲ್ಲ. ಮಾಸ್ತರರ ಕಡೆಗೇ ಕೈ ತೋರಿಸಿ, “ತೂ, ತೂ” ಎಂದು ಕಿರುಚಿದೆ.

“ಯಾರಿಗೋ ಥೂ ಅಂತೀಯ?”

ಕೆನ್ನೆಗೆ ಬಿತ್ತು ಪೆಟ್ಟು. ಕಿವಿ ಗುಂಯ್ ಎಂದಿತು. ಉಳಿದ ಮಕ್ಕಳಿಗೂ ಬೆಂಕಿ ಕಂಡಿತ್ತು. ಆದರೆ ನನ್ನ ಗತಿ ನೋಡಿದ ಮೇಲೆ ಯಾರೂ ಬಾಯಿ ತೆರೆಯಲಿಲ್ಲ.

ಅಕ್ಕ ಎದ್ದು ಕೈಕಟ್ಟಿದಳು.

“ಅಪ್ಪಣೆ ಆಗಬೇಕು ಸಾರ್. ಒಂದು ವಿಷಯ ಉಂಟು.”

“ಉಂಟು ಅಲ್ಲ. ಇದೆ ಅನ್ನು.”

ಮೇಲೆ ಚಟಚಟ ಸದ್ದು ಶುರುವಾಗಿತ್ತು.

“ಒಂದು ವಿಷಯ ಇದೆ ಸಾರ್. ಮಾಡಿನ ಹುಲ್ಲಿಗೆ ಬೆಂಕಿ ಹಿಡಿದಿದೆ.”

ಮಾಸ್ತರರು ಮೇಲೆ ನೋಡುವಷ್ಟರಲ್ಲಿ ಉರಿಯುವ ಹುಲ್ಲು ಅವರ ಹೆಗಲ ಮೇಲೆ ಬಿತ್ತು. ಮಕ್ಕಳೆಲ್ಲ ಹೊರಗೋಡಿದರು. ಅಲುಗಾಡದೆ ನಿಂತಿದ್ದ ನನ್ನನ್ನು ಮಾಸ್ತರರೇ ಎತ್ತಿಕೊಂಡು ಹೊರಬಂದರು. ಹಿಂದೆಯೇ ಮಾಡು ಕುಸಿಯಿತು. ಅಂಗಳದಲ್ಲಿ ಅವರು ಅಕ್ಕನನ್ನು, “ತೂ ಅಂದ್ರೆ ಬೆಂಕೀನಾ ಮಗೂ?” ಎಂದು ಕೇಳಿದರು. ಅಕ್ಕ ತಲೆಯಾಡಿಸಿದಳು.

ಮೊಮ್ಮಕ್ಕಳೇ, ನಿಮ್ಮ ಶಾಲೆಗೆ ಕಾಂಕ್ರೀಟಿನ ಮಾಡು. ಗೋಡೆಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರು. ಬೆತ್ತವಂತೂ ಇಲ್ಲ. ಆದರೆ ತರಗತಿಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಬಾರದು ಎಂದು ಮೊನ್ನೆ ನೀವೇ ಹೇಳಿದಿರಿ. ನನಗೆ ಹೆದರಿಕೆಯಾಯಿತು. “ತೂ ಅಂದರೆ ಏನೂಂತ ಗೊತ್ತುಂಟಾ?” ಎಂದು ಕೇಳಿದೆ.

ನಿಮ್ಮಲ್ಲಿ ಚಿಕ್ಕವಳು ಮುಖ ಸಿಂಡರಿಸಿ, “ಛೀ ಅಜ್ಜ, ಹಾಗೆಲ್ಲ ಯಾರಿಗೂ ಉಗಿಯಬಾರದು” ಎಂದಳು.