ಮುರುಗೇಶಣ್ಣನ ತಣ್ಣನೆ ಕೈ

‘ಕೈ ಐಸ್ ಆಗಿದೆ, ನರಾನೇ ಸಿಗ್ತಿಲ್ಲ. ಹಿಂಗಾ ಕರ್ಕೊಂಡು ಬರೋದು ಇವ್ರನ್ನ?’

ಡಯಾಲಿಸಿಸ್ ವಾರ್ಡಿನ ಸಿಸ್ಟರ್ ಬೈದಿದ್ದು ನನಗೆ. ಎರಡು ಸಲ ಚುಚ್ಚಿ, ಮೂರನೇ ಸಲಕ್ಕೆ ಸೂಜಿ ಕೂತಿತ್ತು. ಮಲಗಿದ್ದ ಮುರುಗೇಶಣ್ಣ ಹಲ್ಲು ಕಚ್ಚಿಕೊಂಡೇ ನಕ್ಕರು. ‘ಅವನ್ನ ಬೈಬೇಡಮ್ಮಾ. ಅವನು ಡ್ರೈವರ್ರು, ಸೂರ್ಯ ಅಲ್ಲ.’

ಅವರು ಭದ್ರಾವತಿಯಲ್ಲಿ ನಮ್ಮ ಬೀದಿಯವರೇ. ಕಬ್ಬಿಣದ ಕಾರ್ಖಾನೆಯ ಫರ್ನೇಸ್ ಮುಂದೆ ಮೂವತ್ತು ವರ್ಷ ಕೆಲಸ ಮಾಡಿದವರು. ಈಗ ಕಿಡ್ನಿ ಕೈಕೊಟ್ಟಿದೆ. ವಾರಕ್ಕೆ ಮೂರು ದಿನ ಬೆಳಿಗ್ಗೆ ಐದೂವರೆಗೆ ಅವರನ್ನು ನನ್ನ ಕಾರಿನಲ್ಲಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುತ್ತೇನೆ. ಎರಡು ಸ್ವೆಟರ್, ಮೇಲೊಂದು ಕಂಬಳಿ. ಆದರೂ ನಡುಕ.

ಕಾರಿನಲ್ಲಿ ಹೀಟರ್ ಇಲ್ಲವಾ? ಇದೆ. (ನಮ್ಮ ಕಡೆ ಅದನ್ನು ಯಾರು ಮುಟ್ಟುತ್ತಾರೆ ಹೇಳಿ?) ಚಳಿ ಶುರುವಾದಾಗ ಮೊದಲ ಸಲ ಕೆಂಪು ಗುರುತಿನ ಕಡೆ ತಿರುಗಿಸಿದೆ. ಗಾಳಿ ಬಂತು, ಹೊಳೆ ದಂಡೆಯ ಗಾಳಿ ಥರ. ಒಬ್ಬ ಏಸಿ ರಿಪೇರಿಯವನ ಮಾತು ಕೇಳಿ ಗ್ಯಾಸ್ ತುಂಬಿಸಿದೆ. ಏನೂ ಬದಲಾಗಲಿಲ್ಲ. ಹೀಟರ್‌ಗೂ ಗ್ಯಾಸಿಗೂ ಸಂಬಂಧವೇ ಇಲ್ಲವಂತೆ! ಇನ್ನೊಬ್ಬ, ‘ಒಳಗೆ ಬ್ಲಾಕ್ ಆಗಿದೆ, ಡ್ಯಾಶ್‌ಬೋರ್ಡ್ ಬಿಚ್ಚಬೇಕು, ನಾಲ್ಕು ದಿನ ಗಾಡಿ ಬಿಡು’ ಅಂದ. ನಾಲ್ಕು ದಿನ ಮುರುಗೇಶಣ್ಣ ನಡೆದು ಹೋಗಬೇಕಾ?

ಸಿಸ್ಟರ್ ಬೈದ ದಿನ ವಾಪಸ್ ಬರುವಾಗ ಅವರೇ ಕೇಳಿದರು. ‘ತಂಬಿ, ಆ ಟೆಂಪರೇಚರ್ ಮುಳ್ಳು ಯಾಕೆ ಮೇಲೇಳಲ್ಲ?’

‘ಇಂಜಿನ್ ಕೂಲಾಗಿದೆ ಅಂತ ಅಣ್ಣಾ’ ಅಂದೆ, ಜಂಬದಿಂದ.

‘ಒಲೆ ತಣ್ಣಗಿದ್ರೆ ಹಂಡೆ ನೀರು ಕಾಯುತ್ತೇನೋ? ಹೀಟರ್‌ಗೆ ಬಿಸಿ ಬರೋದು ಇಂಜಿನ್ ನೀರಿಂದ ತಾನೇ?’

ಮುಂದಿನ ಸಲ ಹೊರಡುವ ಮೊದಲೇ ಬಾನೆಟ್ ತೆರೆಸಿದರು. ಕಂಬಳಿ ಹೊದ್ದು ಪಕ್ಕದಲ್ಲೇ ನಿಂತರು. ‘ಸ್ಟಾರ್ಟ್ ಮಾಡು. ಈಗ ರೇಡಿಯೇಟರ್‌ಗೆ ಹೋಗೋ ಮೇಲಿನ ಪೈಪ್ ಮುಟ್ಟು. ಫ್ಯಾನಿಗೆ ಕೈ ಕೊಟ್ಟೀಯ, ಜೋಪಾನ!’

ಸ್ವಲ್ಪ ಹೊತ್ತಿಗೇ ಪೈಪ್ ಬೆಚ್ಚಗಾಗತೊಡಗಿತು.

‘ಇಂಜಿನ್ ಕಾಯೋ ತನಕ ಅದು ತಣ್ಣಗಿರಬೇಕು. ನಡುವೆ ಥರ್ಮೋಸ್ಟಾಟ್ ಅಂತ ಒಂದು ಬಾಗಿಲಿರುತ್ತೆ. ಇಂಜಿನ್ ಕಾದ ಮೇಲೆ ತೆರೆಯೋದು. ನಿಂದು ತೆರೆದೇ ಬಿದ್ದಿದೆ, ನೀರು ಕಾಯೋಕೇ ಬಿಡ್ತಿಲ್ಲ.’ ಆಮೇಲೆ ಹೀಟರ್‌ನ ಎರಡು ಸಣ್ಣ ಪೈಪ್ ಮುಟ್ಟಿಸಿದರು. ಎರಡೂ ಒಂದೇ ಥರ ಉಗುರು ಬೆಚ್ಚಗೆ. ‘ಹಾಗಾದ್ರೆ ನೀರು ಓಡಾಡ್ತಿದೆ, ಬ್ಲಾಕೂ ಇಲ್ಲ, ಗೀಕೂ ಇಲ್ಲ.’

ಅವರನ್ನು ಆಸ್ಪತ್ರೆಗೆ ಬಿಟ್ಟು ಸೀದಾ ನನ್ನ ಮೆಕ್ಯಾನಿಕ್ ರಫೀಕ್ ಹತ್ತಿರ ಹೋದೆ. ‘ಥರ್ಮೋಸ್ಟಾಟ್ ಕೆಟ್ಟಿದೆ, ನೋಡು.’

ಅವನು ಸ್ಪ್ಯಾನರ್ ಎತ್ತಲೇ ಇಲ್ಲ. ‘ಕೆಟ್ಟಿಲ್ಲ ಮಾರಾಯ, ಅದು ಇಲ್ಲವೇ ಇಲ್ಲ! ಬೇಸಿಗೇಲಿ ಆಯನೂರು ಹತ್ರ ಗಾಡಿ ಕುದೀತು ಅಂತ ಬಂದು ನೀನೇ ತೆಗೆಸಿದ್ದಲ್ಲ? ನಾನು ಬೇಡ ಬೇಡ ಅಂದೆ. ಕಿತ್ತು ಬಿಸಾಕು ಅಂದೋನು ನೀನು.’

ನೆನಪಾಯಿತು. ಅವತ್ತಿನಿಂದ ಮುಳ್ಳು ಕೆಳಗಿದೆ ಅಂತ ಮೀಸೆ ತಿರುವುತ್ತಿದ್ದೆ. ಚುಚ್ಚಿಸಿಕೊಂಡಿದ್ದು ಮುರುಗೇಶಣ್ಣ.

ನಾವೆಲ್ಲ ಹೀಗೇ ಅಲ್ಲವಾ? ಕಾಟ ಕೊಟ್ಟಿದ್ದನ್ನು ಕಿತ್ತು ಬಿಸಾಕುತ್ತೇವೆ. ಅದು ಅಲ್ಲಿ ಯಾಕಿತ್ತು ಅಂತ ಕೇಳಲ್ಲ.

ಹೊಸದು ಹಾಕಿಸಿದೆ. ಮರುಸಲ ಮಾಚೇನಹಳ್ಳಿ ದಾಟುವಷ್ಟರಲ್ಲಿ ಮುಳ್ಳು ಅರ್ಧಕ್ಕೆ ಬಂದಿತ್ತು. ಮುರುಗೇಶಣ್ಣ ಎರಡೂ ಕೈ ಚಾಚಿ ಬಿಸಿಗಾಳಿಗೆ ಹಿಡಿದರು.

‘ಅಣ್ಣಾ, ಅದನ್ನ ತೆಗೆಸಿದ್ದು ನಾನೇ’ ಅಂದೆ.

‘ಗೊತ್ತು ತಂಬಿ. ಬಾಗಿಲು ತಾನಾಗೇ ಎದ್ದು ಹೋಗಲ್ಲ.’

ಅವತ್ತು ಸೂಜಿ ಒಂದೇ ಏಟಿಗೆ ಕೂತಿತು. ಸಿಸ್ಟರ್ ನನ್ನನ್ನು ನೋಡಿದರು, ಬೈಯಲಿಲ್ಲ. ನನಗೆ ಅಷ್ಟು ಸಾಕು.

ಮುರುಗೇಶಣ್ಣನಿಗೆ ಎದುರಲ್ಲಿ ಥ್ಯಾಂಕ್ಸ್ ಹೇಳಿದರೆ ಬೈಸಿಕೊಳ್ಳಬೇಕು. ಅದಕ್ಕೇ ಇಲ್ಲಿ ಬರೆದೆ. ಈಗ ದಾರಿಯುದ್ದಕ್ಕೂ ಅವರದು ಗೊರಕೆ. ಈ ಚಳಿಯಲ್ಲೂ ನಾನು ಬರೀ ಬನಿಯನ್‌ನಲ್ಲಿ ಬೆವರುತ್ತಾ ಓಡಿಸುತ್ತೇನೆ. ಹೀಟರ್ ಆಫ್ ಮಾಡೋಕೆ ಕೈ ಬರುತ್ತಾ?