ಆ ಹತ್ತಿ ಗಿಡದ ಪರಾಗ ದೊಡ್ಡದೇ ಇತ್ತು

1936ರ ಅಕ್ಟೋಬರಿನಲ್ಲಿ, ಪುಣೆಯ ಒಂದು ಹತ್ತಿ ತಳಿ ಪ್ರಯೋಗಾಲಯದಲ್ಲಿ, ನನ್ನ ಸಹೋದ್ಯೋಗಿ ಗುರುನಾಥರಾಯರ ಸೂಕ್ಷ್ಮದರ್ಶಕದ ಕೊಳವೆಯನ್ನು ನಾನು ಗೊತ್ತಿದ್ದೇ ಒಳಕ್ಕೆ ಒತ್ತಿದೆ. ಅವರ ಅಳತೆ ಸುಳ್ಳಾಯಿತು, ನೌಕರಿ ಹೋಯಿತು. ಕೈ ತಾಗಿ ಆದದ್ದಲ್ಲ. ಸೇಡಿಗಾಗಿ ಮಾಡಿದೆ.

ಆಮೇಲೆ ನಾನು ಪತ್ರಿಕೆಗೆ ಸೇರಿದೆ. ಊರಿನ ಎಷ್ಟೋ ಜನರ ತಪ್ಪುಗಳನ್ನು ಹೆಸರು ಹಾಕಿ ಅಚ್ಚು ಮಾಡಿದ್ದೇನೆ. ಇದೊಂದನ್ನು — ಬರೆಯಲಿಲ್ಲ.

ಸೇಡಿನ ಕಾರಣ ಇಷ್ಟು. ನಮ್ಮ ತಂದೆ ಬೆಳಗಾವಿಯಲ್ಲಿ ಅಕ್ಕಸಾಲಿಗರು. ತೊಲ, ಗುಂಜಿ ನನ್ನ ಕೈಗೆ ಹುಟ್ಟಿನಿಂದ ಬಂದ ತೂಕಗಳು. ಒಮ್ಮೆ ಬೀಜ ತೂಗುವಾಗ ತೊಲದ ಅಂಕಿಗಳನ್ನೇ ಗ್ರಾಂ ಎಂದು ಬರೆದುಬಿಟ್ಟೆ. ಗುರುನಾಥರಾಯರು ಅದನ್ನು ಮೊದಲೇ ನೋಡಿದ್ದರು. ಧಾರವಾಡದವರು, ಒಂದೇ ಮೇಜಿನಲ್ಲಿ ಬುತ್ತಿ ಬಿಚ್ಚುತ್ತಿದ್ದವರು — ಕಿವಿಯಲ್ಲಿ ಹೇಳಬಹುದಿತ್ತು. ತಿಂಗಳ ಸಭೆಯವರೆಗೆ ಕಾದರು. ನಿರ್ದೇಶಕ ಸಾಹೇಬರಿಗೆ ಇಂಗ್ಲಿಷಿನಲ್ಲಿ ತಪ್ಪು ತೋರಿಸಿ, ಅಲ್ಲಿದ್ದ ನಮ್ಮ ಕನ್ನಡದವರ ಕಡೆ ತಿರುಗಿ ಕನ್ನಡದಲ್ಲಿ ಅಂದರು:

"ಇವರ ತಪ್ಪಲ್ಲ ಬಿಡ್ರಿ. ಬಂಗಾರದ ಅಂಗಡ್ಯಾಗ ಕೂಡೋರು, ದಾರಿ ತಪ್ಪಿ ಇಲ್ಲಿ ಬಂದಾರ."

ಎಲ್ಲರೂ ನಕ್ಕರು. ನನಗೆ ಬರಬೇಕಿದ್ದ ಬಡ್ತಿ ಅವರಿಗೆ ಹೋಯಿತು. ಬಡ್ತಿಯನ್ನು ಮರೆತೆ. ನಗುವನ್ನು — ಈ ಸಾಲು ಬರೆಯುವಾಗಲೂ ಹಲ್ಲು ಕಚ್ಚಿಕೊಂಡಿದ್ದೇನೆ.

ಮರುವರ್ಷ ಗುರುನಾಥರಾಯರಿಗೆ ಹೊಲದಲ್ಲಿ ಒಂದು ವಿಚಿತ್ರ ಗಿಡ ಸಿಕ್ಕಿತು. ದೇಶಿ ಹತ್ತಿಯೇ, ಆದರೆ ಎಲೆ ದಪ್ಪ, ಹೂವು ದೊಡ್ಡದು. ವಂಶಗುಣ ಹೊತ್ತು ಸಾಗುವ ವರ್ಣತಂತುಗಳು ಅದರಲ್ಲಿ ತಾವಾಗಿಯೇ ಇಮ್ಮಡಿಯಾಗಿವೆ ಎಂಬುದು ಅವರ ವಾದ. ಇಮ್ಮಡಿಯಾದರೆ ಪರಾಗದ ಕಣವೂ ಹಿಗ್ಗುತ್ತದೆ. ಅವರು ಅಳೆದರು, ಹಿಗ್ಗಿತ್ತು. ತಂತುಗಳನ್ನೇ ಎಣಿಸುವ ದೊಡ್ಡ ಕೆಲಸಕ್ಕೆ ಒಪ್ಪಿಗೆ ಕೊಡುವ ಮುಂಚೆ ಆ ಅಳತೆಯನ್ನು ತಾವೇ ನೋಡುತ್ತೇವೆ ಎಂದರು ಸಾಹೇಬರು.

ಪರಾಗವನ್ನು ಅಳೆಯುವುದು ಮೈಕ್ರಾನಿನಲ್ಲಿ — ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಸೂಕ್ಷ್ಮದರ್ಶಕದ ಕಣ್ಣುಗಾಜಿನೊಳಗಿನ ಗೆರೆಗಳಿಗೆ ತಮ್ಮದೇ ಬೆಲೆ ಇಲ್ಲ. ಒಳಹೊರಗೆ ಜಾರುವ ಕೊಳವೆಯನ್ನು ಅದರ ಮೇಲಿನ ಒಂದು ಗೀರಿಗೆ ನಿಲ್ಲಿಸಿ, ನಿಜವಾದ ಮೈಕ್ರಾನುಗಳನ್ನು ಕೊರೆದ ಅಳತೆಗಾಜಿನ ಜೊತೆ ಹೋಲಿಸಿ, ಒಂದು ಗೆರೆಗೆ ಇಷ್ಟು ಮೈಕ್ರಾನು ಎಂದು ಗೊತ್ತುಮಾಡಬೇಕು. ಆಮೇಲೆ ಕೊಳವೆ ಸರಿದರೆ ಲೆಕ್ಕವೆಲ್ಲ ಸುಳ್ಳು. ಒಳಕ್ಕೆ ಹೋದರೆ ಎಲ್ಲವೂ ಚಿಕ್ಕದಾಗಿ ಕಾಣುತ್ತದೆ.

ಸಾಹೇಬರು ಬರುವ ದಿನ ಬೆಳಿಗ್ಗೆ ಗುರುನಾಥರಾಯರು ಹೋಲಿಸಿ, ಅಳತೆಗಾಜನ್ನು ಕಪಾಟಿನಲ್ಲಿಟ್ಟು, ಹೂವು ಕೀಳಲು ಹೊಲಕ್ಕೆ ಹೋದರು. ಕೋಣೆಯಲ್ಲಿ ನಾನೊಬ್ಬನೇ. ಹಿತ್ತಾಳೆಯ ಕೊಳವೆ ಮೆತ್ತಗೆ ಇಳಿಯಿತು. ಆಗ ನನಗೆ ಭಯವಾಗಲಿಲ್ಲ. ಸುಖವಾಯಿತು — ಇದನ್ನೂ ದಾಖಲಿಸಬೇಕು.

ಸಾಹೇಬರು ಬಂದು ತಾವೇ ಕಣ್ಣಿಟ್ಟು ಗೆರೆ ಎಣಿಸಿದರು. ಗುಣಿಸಿದರು. ಕಣ ಮಾಮೂಲಿ ಹತ್ತಿಯದಷ್ಟೇ ಇತ್ತು. ಇನ್ನೊಂದು, ಮತ್ತೊಂದು. ಗುರುನಾಥರಾಯರ ಮುಖ ಬೂದಿಯಾಯಿತು. ಬೆಳಿಗ್ಗೆ ತಾವೇ ನಿಲ್ಲಿಸಿದ ಕೊಳವೆಯನ್ನು ಅವರು ಸಂಶಯಿಸಲಿಲ್ಲ. ಸಾಹೇಬರು ದನಿ ಏರಿಸದೆ, ಸುಳ್ಳು ಕಟ್ಟಿದ ಅಂಕಿಗಳು ಈ ಸಂಸ್ಥೆಗೆ ಬೇಡ ಅಂದರು. ಗಿಡವನ್ನು ಕೀಳಿಸಲು ಹೇಳಿ ಹೊರಟರು. ಗುರುನಾಥರಾಯರು ಬೇಡಿಕೊಳ್ಳುತ್ತ ಜಗಲಿಯ ತನಕ ಹಿಂದೆ ಹೋದರು. ಆ ಹೊತ್ತಿನಲ್ಲಿ ನಾನು ಕೊಳವೆಯನ್ನು ಮೊದಲಿನ ಗೀರಿಗೆ ತಂದೆ.

ಅವರು ಮರಳಿ ಬಂದು ಮತ್ತೆ ನೋಡಿದರು.

"ಈಗ ದೊಡ್ಡದ ಅದ. ಬಂದು ನೋಡ್ರಿ, ಒಮ್ಮೆ ನೋಡ್ರಿ" ಅಂದರು ನನಗೆ.

ನೋಡಿದೆ. ದೊಡ್ಡದೇ ಇತ್ತು. ಗಿಡ ಇನ್ನೂ ಹೊಲದಲ್ಲಿತ್ತು; ಒಂದು ಮಾತು ಸಾಕಿತ್ತು.

"ಮಾಮೂಲಿನ ಅದರಿ. ನಿಮ್ಮ ಕಣ್ಣು ನಿಮಗ ಬೇಕಾದ್ದನ್ನ ತೋರಸ್ತಾವ" ಅಂದೆ.

ಅವರು ನಂಬಿದರು. ನನ್ನ ಮೇಲೆ ಸಿಟ್ಟಾಗಿದ್ದರೆ — ಇಲ್ಲ, ಅವರು ಕಣ್ಣು ಒರೆಸಿಕೊಂಡು, ಕನ್ನಡಿಯ ಮುಂದೆ ನಿಂತು ಎರಡೂ ಕಣ್ಣುಗಳನ್ನು ನೋಡಿಕೊಂಡರು. ಸಂಜೆಯೊಳಗೆ ಕೂಲಿಯವರು ಗಿಡ ಕಿತ್ತರು. ಕಾಯಿ ಇನ್ನೂ ಬಲಿತಿರಲಿಲ್ಲ, ಬೀಜ ಉಳಿಯಲಿಲ್ಲ.

ತೊಲದ ತಪ್ಪು ನನ್ನದೇ. ಅವರು ತಪ್ಪು ಮಾಡಿರಲಿಲ್ಲ. ನಾನು ತೀರಿಸಿಕೊಂಡದ್ದು ಒಂದು ನಗುವಿಗೆ. ಅವರಿಂದ ತೆಗೆದುಕೊಂಡದ್ದು ಅವರ ಕಣ್ಣಿನ ಮೇಲಿನ ಅವರ ನಂಬಿಕೆಯನ್ನು.

ಈ ವರ್ಷ, 1947ರಲ್ಲಿ, ಪ್ರಯೋಗಾಲಯಕ್ಕೆ ಹೋಗಿ ಈಗಿನ ಮುಖ್ಯಸ್ಥರಿಗೆ ಇದನ್ನೆಲ್ಲ ಹೇಳಿದೆ. ಗಿಡವಿಲ್ಲದೆ ಏನನ್ನೂ ತಿದ್ದಲಾಗದು ಎಂದರು. ಈ ಬರಹದ ಮೊದಲ ಪ್ರತಿ ಗುರುನಾಥರಾಯರಿಗೆ ಹೋಗುತ್ತದೆ.

ಅವರು ಸೊಲ್ಲಾಪುರದ ಒಂದು ಗಿರಣಿಯಲ್ಲಿ ನೂಲು ತೂಗುವ ವಿಭಾಗದಲ್ಲಿದ್ದಾರೆ. ತಕ್ಕಡಿಯ ಮುಳ್ಳು ನಿಂತ ಮೇಲೆ, ಅಂಕಿ ಬರೆಯುವ ಮುಂಚೆ, ಪಕ್ಕದವರನ್ನು ಕರೆದು ಓದಿಸುತ್ತಾರೆ ಎಂದು ಅವರ ತಮ್ಮ ಹೇಳಿದರು.