ಉಚಿತ ಪುಸ್ತಕದ ಕೊಲೆಗಾರ

ನನ್ನ ಪತ್ತೇದಾರಿ ಸರಣಿಯ ಮೊದಲ ಇ-ಪುಸ್ತಕವನ್ನು ಉಚಿತವಾಗಿ ಬಿಟ್ಟಿದ್ದೆ. ಕೊಲೆಗಾರ ಯಾರೆಂದು ತಿಳಿಯಲು ಜನ ಮುಂದಿನ ಭಾಗಗಳನ್ನು ಕೊಳ್ಳಲಿ ಎಂಬ ಆಸೆ. ಫಳ್ನೀರಿನ ಕ್ಲಿನಿಕ್ಕಿನಲ್ಲಿ ಕಾಯುತ್ತಿದ್ದಾಗ ಪಕ್ಕದಲ್ಲಿದ್ದ ಹೆಂಗಸು ಮೊಬೈಲಿನಲ್ಲಿ ಅದನ್ನೇ ಓದಿ ಮುಗಿಸಿದರು. ನಾನು ಹಿಗ್ಗಿ, ಬರೆದವನು ನಾನೇ ಎಂದೆ.

"ಹೌದಾ? ಭಾರೀ ಲಾಯ್ಕುಂಟು ಮಾರಾಯ್ರೆ!"

"ಎರಡನೆಯದು ತಗೊಳ್ತೀರಲ್ಲ?"

"ಅದೆಂತಕ್ಕೆ? ಬೋಟ್ ಮಾಲಕನನ್ನು ಕೊಂದದ್ದು ಅವನ ಭಾವ ಅಲ್ವಾ?"

ನಾನು ಬರೆದಿಟ್ಟ ಕೊಲೆಗಾರ ಡಾಕ್ಟರು. ಅಲ್ಲವೆಂದರೆ ಗುಟ್ಟು ರಟ್ಟಾಗುತ್ತದೆ, ಸುಮ್ಮನಿದ್ದರೆ ಇವರು ಕೊಳ್ಳುವುದಿಲ್ಲ. "ಭಾವ ಯಾಕೆ?" ಎಂದು ಕೇಳಿದೆ.

"ಸಾವಿನ ಮನೆಯಲ್ಲಿ ಅವನೊಬ್ಬನೇ ಹೊಟ್ಟೆ ತುಂಬ ಉಂಡದ್ದಲ್ವಾ?"

ಅದನ್ನು ನಾನು ಓದುಗರನ್ನು ನಗಿಸಲೆಂದು ಬರೆದದ್ದು. ಅಷ್ಟರಲ್ಲಿ ಅವರನ್ನು ಒಳಗೆ ಕರೆದರು.

ಕೊನೆಯ ಭಾಗ ಇನ್ನೂ ಪ್ರಕಟವಾಗಿಲ್ಲ. ಅದರಲ್ಲಿ ಕೊಲೆಗಾರನೆಂದು ಯಾರನ್ನು ಹಿಡಿಸಬೇಕೆಂದು ತಿಳಿಯದೆ ಕೂತಿದ್ದೇನೆ. ಈಗೀಗ ನನಗೂ ಆ ಭಾವನ ಮೇಲೆ ಸಂಶಯ.